ಹೊರಗಿನಿಂದ ಬೀಗ ಬೀಳದ ಮನೆ

ನಮ್ಮ ಮನೆ ಇದ್ದದ್ದು ಓಕಳಿಪುರಂನಲ್ಲಿ, ರೈಲು ಹಳಿಗೆ ಬೆನ್ನು ಮಾಡಿಕೊಂಡು ನಿಂತ ಸಾಲಿನಲ್ಲಿ. ಹಿಂದಿನ ಕಿಟಕಿ ತೆಗೆದರೆ ಕಾಂಪೌಂಡು ಗೋಡೆ, ಗೋಡೆಯ ಆಚೆ ಹಳಿ. ಸ್ಟೇಷನ್ನಿನಿಂದ ಹೊರಟ ರೈಲು ಅಲ್ಲಿಗೆ ಬರುವಷ್ಟರಲ್ಲಿ ಇನ್ನೂ ವೇಗ ಹಿಡಿದಿರುವುದಿಲ್ಲ, ಸೈಕಲ್ಲು ತಳ್ಳಿಕೊಂಡು ಹೋಗುವವನ ಹಾಗೆ ಹೋಗುತ್ತದೆ. ಒಳಗೆ ಕೂತವರ ಮುಖ ಕಾಣುತ್ತದೆ. ಆಗಲೇ ಬುತ್ತಿ ಬಿಚ್ಚಿದವರು, ಮಗುವಿಗೆ ನಮ್ಮ ಮನೆಗಳನ್ನು ತೋರಿಸುವವರು, ಸೀಟಿಗೆ ಜಗಳ ಆಡುವವರು. ಅವರೆಲ್ಲ ಎಲ್ಲಿಗೋ ಹೋಗುತ್ತಿದ್ದರು. ನಾನೂ ನನ್ನ ಹೆಂಡತಿಯೂ ಮಾತ್ರ ಎಷ್ಟೋ ವರ್ಷ ಒಟ್ಟಿಗೆ ಮನೆ ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಅವಳು ಹೊರಗೆ ಹೋದರೆ ನಾನು ಒಳಗೆ, ನಾನು ಹೋದರೆ ಅವಳು ಒಳಗೆ. ಕಾರಣ ಹೇಳಿದರೆ ಜನ ನಗುತ್ತಾರೆ: ಮೊಸಳೆ ಚರ್ಮದ, ಹೆಬ್ಬಾವಿನ ಚರ್ಮದ ಹ್ಯಾಂಡ್‌ಬ್ಯಾಗುಗಳು. ಅವೂ ನಮ್ಮವಲ್ಲ.

ಚಾಮರಾಜಪೇಟೆಯಲ್ಲಿ ನನ್ನದೊಂದು ಬ್ಯಾಗು ರಿಪೇರಿ ಅಂಗಡಿ ಇತ್ತು. ಒಂದು ಷಟರಿನ ಅಗಲ, ನಾನು ಕೂತರೆ ಗಿರಾಕಿ ನಿಲ್ಲಬೇಕು. ನಮ್ಮಪ್ಪ ಜಟಕಾ ಕುದುರೆಗಳಿಗೆ ಲಗಾಮು, ಪಟ್ಟಿ ಹೊಲಿಯುತ್ತಿದ್ದವನು. ಜಟಕಾಗಳು ಹೋದ ಮೇಲೆ ಚಪ್ಪಲಿಗೆ ಬಂದ. ನಾನು ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟು ಅವನ ಪಕ್ಕ ಕೂತವನು, ಚಪ್ಪಲಿಯಿಂದ ಸೂಟ್‌ಕೇಸಿಗೆ, ಸೂಟ್‌ಕೇಸಿನಿಂದ ಬ್ಯಾಗಿಗೆ ನನ್ನ ದಾರಿ ನಾನೇ ಮಾಡಿಕೊಂಡೆ. ಮೇಣ ಹಚ್ಚಿದ ದಾರ, ಎರಡು ಸೂಜಿ. ಒಂದೇ ತೂತಿನಲ್ಲಿ ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು. ಮಿಷನ್ ಹೊಲಿಗೆ ಒಂದು ಕಡೆ ಕಿತ್ತರೆ ಉದ್ದಕ್ಕೂ ಬಿಟ್ಟುಕೊಂಡು ಬರುತ್ತದೆ. ನನ್ನದು ಬರುವುದಿಲ್ಲ. ಇದನ್ನು ಜಂಬ ಅಂದರೆ ಜಂಬ. ಹಾಗೆ ಅನ್ನಿಸಿಕೊಳ್ಳಲು ನನಗೆ ಯಾವತ್ತೂ ಬೇಜಾರಾಗಿಲ್ಲ.

ತೊಂಬತ್ತರ ದಶಕದ ನಡುವಿನಲ್ಲಿ ಒಂದು ಮಧ್ಯಾಹ್ನ ಅಂಗಡಿಯ ಮುಂದೆ ಕಾರು ನಿಂತಿತು. ಇಳಿದವರು ಬಸವನಗುಡಿಯ ಒಂದು ಹಳೆಯ ಮನೆತನದ ಸೊಸೆ. ಗಂಡ ರೇಷ್ಮೆ ಬಟ್ಟೆಯನ್ನು ಹೊರದೇಶಗಳಿಗೆ ಕಳಿಸುವ ವ್ಯಾಪಾರಸ್ಥರು. ಹಣೆಯಲ್ಲಿ ಅಗಲ ಕುಂಕುಮ, ಮುಡಿಯಲ್ಲಿ ಹೂವು, ಕೈಯಲ್ಲಿ ಟವೆಲಿನಲ್ಲಿ ಸುತ್ತಿದ ಏನೋ ಒಂದು. ಬಿಚ್ಚಿದರೆ ಕಂದು ಬಣ್ಣದ ಮೊಸಳೆ ಚರ್ಮದ ಬ್ಯಾಗು. ನಾನು ಅಲ್ಲಿಯವರೆಗೆ ಅಂಥದ್ದನ್ನು ಮುಟ್ಟಿರಲಿಲ್ಲ. ಹೊಟ್ಟೆಯ ಭಾಗದ ಚರ್ಮ, ಒಂದೊಂದು ಚೌಕವೂ ಹಾಸಿದ ಕಲ್ಲಿನ ಹಾಗೆ ಅಚ್ಚುಕಟ್ಟು, ಬೆಳಗಿನ ಹೊತ್ತಿನ ಹಿತ್ತಾಳೆ ಪಾತ್ರೆಯ ಹಾಗೆ ತಣ್ಣಗೆ. ಹಿಡಿಕೆಯ ಬುಡದಲ್ಲಿ ಮಾತ್ರ ಚರ್ಮ ಒಣಗಿ ಸೀಳಿತ್ತು.

ಇದನ್ನು ಎಲ್ಲಿಡುತ್ತೀರಿ ಎಂದು ಕೇಳಿದೆ. ಕಾರಿನ ಡಿಕ್ಕಿಯಲ್ಲಿ ಎಂದರು.

"ಬಿಸಿಲಿಗೆ ಕಾರು ಕಾದ್ರೆ ಇದು ಒಳಗೆ ಹಪ್ಪಳ ಆಗುತ್ತಮ್ಮ. ಮನೇಲಿ ಬೀರೂನಲ್ಲಿಡಿ."

"ಮನೆಯೊಳಗೆ ತರೋ ಹಾಗಿದ್ದಿದ್ರೆ ನಾನ್ಯಾಕಪ್ಪ ಡಿಕ್ಕೀಲಿಡ್ತಿದ್ದೆ."

ಅವರ ಮನೆಯಲ್ಲಿ ಚರ್ಮ ಹೊಸಿಲು ದಾಟುವಂತಿರಲಿಲ್ಲ. ಅತ್ತೆಯವರ ಕಟ್ಟುನಿಟ್ಟು. ಗಂಡನ ಬೂಟು, ಬೆಲ್ಟು, ಪರ್ಸು ಎಲ್ಲಕ್ಕೂ ವರಾಂಡದಲ್ಲಿ ಒಂದು ಬೀರು. ಅವರು ಆಫೀಸಿನಿಂದ ಬಂದರೆ ಅಲ್ಲೇ ಎಲ್ಲ ಕಳಚಿಟ್ಟು, ಕಾಲು ತೊಳೆದು ಒಳಗೆ ಹೋಗಬೇಕು. ಅದರ ಮೇಲೆ ಹಿತ್ತಲಿನಲ್ಲಿ ಅಶ್ವತ್ಥ ಕಟ್ಟೆ, ಕಟ್ಟೆಯ ಮೇಲೆ ತಲೆಮಾರುಗಳಿಂದ ಹಾಲೆರೆಯುವ ನಾಗರಕಲ್ಲು. ಗಂಡ ಸಿಂಗಪುರದಿಂದ ಈ ಬ್ಯಾಗು ತಂದಾಗ ಇದ್ಯಾವುದೂ ಅವರ ತಲೆಗೆ ಹೊಳೆದಿರಲಿಲ್ಲವಂತೆ. ನಾನು ಅಮ್ಮನವರು ಎನ್ನುವ ಈ ಸೊಸೆ ಅದನ್ನು ಒಂದು ಸಲ ಗೇಟಿನವರೆಗೆ ತಂದು, ವರಾಂಡದ ಬೀರುವಿನಲ್ಲಿಟ್ಟರೂ ಅತ್ತೆಯವರ ಕಣ್ಣಿಗೆ ಬೀಳುತ್ತದೆ ಎಂದು ಹೆದರಿ, ಹಾಗೇ ವಾಪಸ್ಸು ಕಾರಿಗೆ ಹಾಕಿದ್ದರು. ಹೇಳುತ್ತಾ ಅವರೇ ನಕ್ಕರು. ನಗುತ್ತಲೇ ಸೀಳಿದ ಹಿಡಿಕೆಯ ಮೇಲೆ ಬೆರಳಾಡಿಸುತ್ತಿದ್ದರು, ಜ್ವರ ಬಂದವರ ಹಣೆ ಮುಟ್ಟುವ ಹಾಗೆ.

ನನ್ನ ಬಾಯಿಂದ ಆ ಮಾತು ಬಂದದ್ದು ಆಗಲೇ. "ಹಂಗಾದ್ರೆ ನಮ್ಮನೇಲಿಡಿ. ನಮ್ಮನೇಲಿ ಚರ್ಮಕ್ಕೆ ಯಾವ ಮೈಲಿಗೇನೂ ಇಲ್ಲ."

ಅವರು ಬ್ಯಾಗನ್ನು ಮತ್ತೆ ಟವೆಲಿನಲ್ಲಿ ಸುತ್ತಿ ನನ್ನ ಮುಂದಿಟ್ಟರು. ತಿಂಗಳಿಗೆ ಏನು ಕೊಡಲಿ ಎಂದು ಕೇಳಿದರು. ಹೊಲಿಗೆ ಇದ್ದಾಗ ಹೊಲಿಗೆಗೆ ಕೊಡಿ, ಇಟ್ಟುಕೊಳ್ಳುವುದಕ್ಕೆ ಬಾಡಿಗೆ ತೆಗೆದುಕೊಳ್ಳುವ ಆಳು ನಾನಲ್ಲ ಎಂದೆ. ಹೇಳಿದಾಗ ಎದೆ ಉಬ್ಬಿತ್ತು. ಅದು ಎಂಥ ಕಟ್ಟು ಎಂದು ಆಮೇಲೆ ಗೊತ್ತಾಯಿತು. ಬಾಡಿಗೆ ತೆಗೆದುಕೊಂಡಿದ್ದರೆ, ಬರುವ ತಿಂಗಳು ಖಾಲಿ ಮಾಡಿಸಿ ಅನ್ನಬಹುದಿತ್ತು. ಕೊಟ್ಟ ಮಾತನ್ನು ಖಾಲಿ ಮಾಡಿಸುವುದು ಹೇಗೆ?

ಬ್ಯಾಗು ಮನೆಗೆ ಬಂದ ದಿನ ನನ್ನ ಹೆಂಡತಿ ಅದನ್ನು ಮಂಚದ ಮೇಲಿಟ್ಟು ಸುತ್ತ ನಡೆದು ನೋಡಿದಳು.

"ಎಷ್ಟು ದಿನ ಇರ್ತಾರಂತೆ ಈ ನೆಂಟ್ರು?" ಎಂದಳು.

ಇದ್ದರೇನು, ಊಟ ಕೇಳುತ್ತದೆಯೇ ಎಂದೆ. ಇಬ್ಬರೂ ನಕ್ಕೆವು. ಅವತ್ತಿನಿಂದ ಅವುಗಳಿಗೆ ನಮ್ಮ ಮನೆಯಲ್ಲಿ ನೆಂಟರು ಎಂದೇ ಹೆಸರು.

ನೆಂಟರು ಹೆಚ್ಚಾದರು. ಗಂಡ ಹೊರದೇಶಕ್ಕೆ ಹೋದಾಗಲೆಲ್ಲ ಒಂದು ಬರುತ್ತಿತ್ತು. ಮೊದಮೊದಲು ಅವರೇ ತರುತ್ತಿದ್ದರು, ಆಮೇಲೆ ಅಮ್ಮನವರು ಇಂಥದ್ದೇ ಬೇಕು ಎಂದು ಹೇಳಿ ತರಿಸತೊಡಗಿದರು. ಬೂದು ಬಿಳುಪಿನ ಹೆಬ್ಬಾವಿನದು, ಕರಿ ಮೊಸಳೆಯದು, ಉಡದ ಹಾಗೆ ಸಣ್ಣ ಹರಳು ಹರಳಾಗಿದ್ದ ಹಲ್ಲಿ ಜಾತಿಯ ಯಾವುದೋ ಪ್ರಾಣಿಯದು, ಹಸಿರು ಬಣ್ಣ ಹಾಕಿಸಿದ ಇನ್ನೊಂದು ಹಾವಿನದು. ಒಂದು ದಿನ ಸ್ಟೀಲು ಬೀರುವನ್ನೇ ಕಳಿಸಿಕೊಟ್ಟರು. ಇದ್ದ ಎರಡು ಕೋಣೆಯಲ್ಲಿ ಒಂದರ ಗೋಡೆ ಅದಕ್ಕೆ ಹೋಯಿತು. ನಮ್ಮ ಮಂಚ ಕಿಟಕಿಯ ಕೆಳಗೆ ಬಂತು. ರೈಲು ಹೋದಾಗ ಬೀರುವಿನ ಬಾಗಿಲು ಗಿಲಿಗಿಲಿ ಎನ್ನುತ್ತಿತ್ತು, ಒಳಗೆ ಜೀವ ಇರುವ ಹಾಗೆ.

ಚರ್ಮವನ್ನು ಬೀರುವಿನಲ್ಲಿಟ್ಟು ಮರೆಯಲು ಆಗುವುದಿಲ್ಲ. ಮಳೆಗಾಲದಲ್ಲಿ ನಮ್ಮ ಗೋಡೆ ನೀರು ಕುಡಿಯುತ್ತಿತ್ತು. ಎರಡು ದಿನ ಬಿಟ್ಟರೆ ಬೂಷ್ಟು. ದಿನಾ ಬೀರು ತೆಗೆಯಬೇಕು, ಬ್ಯಾಗುಗಳನ್ನು ಮಂಚದ ಮೇಲೆ ನೆರಳಿನ ಗಾಳಿಗೆ ಹರಡಬೇಕು. ಆಕಾರ ಕೆಡದಂತೆ ಹೊಟ್ಟೆಗೆ ಮೆತ್ತಗಿನ ಬಟ್ಟೆ ತುರುಕಬೇಕು. ಪೇಪರು ತುರುಕಿದರೆ ಅದರ ಮಸಿ ಹತ್ತುತ್ತದೆ. ಹಾವಿನ ಚರ್ಮವನ್ನು ತಲೆಯಿಂದ ಬಾಲದ ಕಡೆಗೇ ಒರೆಸಬೇಕು, ಉಲ್ಟಾ ಒರೆಸಿದರೆ ಪೊರೆ ಏಳುತ್ತದೆ. ಇದನ್ನೆಲ್ಲ ಹೆಂಡತಿಗೆ ನಾನೇ ಕಲಿಸಿದೆ. ಹಳಿಯ ಕಡೆಯಿಂದ ಹೆಗ್ಗಣಗಳು ಬರುತ್ತಿದ್ದವು, ಅವುಗಳ ಕಾಟ ಬೇರೆ. ಆಗ ಅವಳು ಕಾಟನ್‌ಪೇಟೆಯ ಒಂದು ಅಂಗಡಿಯಲ್ಲಿ ರೆಡಿಮೇಡ್ ಷರಟುಗಳಿಗೆ ಗುಂಡಿ ಹಾಕಲು ಹೋಗುತ್ತಿದ್ದಳು. ಅಲ್ಲಿ ಅವಳಿಗೆ ಗೆಳತಿಯರಿದ್ದರು, ಮಧ್ಯಾಹ್ನ ಊಟ ಹಂಚಿಕೊಂಡು ತಿನ್ನುತ್ತಿದ್ದರು. ಬೀರು ಬಂದ ವರ್ಷ ಆ ಕೆಲಸವನ್ನು ಮನೆಗೇ ತಂದುಕೊಂಡಳು. ಷರಟಿನ ಗಂಟು ಒಂದು ಕಡೆ, ನೆಂಟರು ಒಂದು ಕಡೆ, ನಡುವೆ ಅವಳು.

ಅಮ್ಮನವರಿಗೆ ಹೋಟೆಲಿನಲ್ಲೋ ಕ್ಲಬ್ಬಿನಲ್ಲೋ ಪಾರ್ಟಿ ಇದ್ದಾಗ ಕಾರು ನಮ್ಮ ಬೀದಿಯ ತುದಿಗೆ ಬರುತ್ತಿತ್ತು. ಕೈಯಲ್ಲಿ ಗುಡಿಗೆ ಹೋಗುವ ಬಟ್ಟೆ ಚೀಲ. ಅದನ್ನು ನಮ್ಮ ಗೋಡೆಯ ಮೊಳೆಗೆ ನೇತು ಹಾಕಿ, ಬೀರು ತೆಗೆದು, ಅವತ್ತಿನ ಸೀರೆಗೆ ಒಪ್ಪುವ ಬ್ಯಾಗು ಆರಿಸಿ ಹೋಗುತ್ತಿದ್ದರು. ತಿರುಗಿ ಬರುವಾಗ ಬ್ಯಾಗಿಗೆ ಸೆಂಟಿನ ವಾಸನೆ. ಅದನ್ನು ಕೊಟ್ಟು ಬಟ್ಟೆ ಚೀಲ ಇಳಿಸಿಕೊಂಡು ಮನೆಗೆ. ನಾಗರಪಂಚಮಿಯ ದಿನ ಬೆಳಿಗ್ಗೆ ಕಲ್ಲಿಗೆ ಹಾಲೆರೆದು ಸಂಜೆಗೆ ಬಂದರೆ ಹಾವಿನ ಬ್ಯಾಗುಗಳ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಮೊಸಳೆಗೇನೂ ಅಭ್ಯಂತರ ಇರಲಿಲ್ಲ.

ಕೆಲವು ಮಧ್ಯಾಹ್ನ ಎಲ್ಲಿಗೂ ಹೋಗುವುದಿಲ್ಲದಿದ್ದರೂ ಬರುತ್ತಿದ್ದರು. ನಮ್ಮ ಮಂಚದ ಮೇಲೆ ಕೂತು ಬ್ಯಾಗುಗಳನ್ನು ಒಂದೊಂದಾಗಿ ತೊಡೆಯ ಮೇಲಿಟ್ಟುಕೊಂಡು, ಇದು ಹಾಂಗ್‌ಕಾಂಗಿನದು, ಇದಕ್ಕೆ ಅವರು ಇಡೀ ದಿನ ಅಲೆದರು ಎಂದು ಹೇಳುತ್ತಾ ಹೋಗುತ್ತಿದ್ದರು. ಒಂದು ಸಲ, ಇಲ್ಲಿ ಕೂತಿರುವಾಗ ಮಾತ್ರ ಯಾರೂ ನನ್ನನ್ನು ಕರೆಯುವುದಿಲ್ಲ ಎಂದರು. ಅದನ್ನು ಹೇಳಿದಾಗ ನನ್ನ ಹೆಂಡತಿಗೆ ಅವರ ಮೇಲೆ ಕನಿಕರ ಬಂತಂತೆ. ಅವರು ಬಂದಾಗಲೆಲ್ಲ ಅವಳು ಕಾಫಿ ಮಾಡಲೇ ಎಂದು ಕೇಳುತ್ತಿದ್ದಳು. ಅವರು ಪ್ರತಿ ಸಲವೂ, "ಈಗಷ್ಟೇ ಕುಡಿದು ಬಂದೆ ಕಣಮ್ಮ" ಎನ್ನುತ್ತಿದ್ದರು. ನಾವು ಯಾವ ಜನ ಎಂದು ಅವರಿಗೆ ಗೊತ್ತಿತ್ತು. ಅವರು ಈಗಷ್ಟೇ ಕುಡಿದಿರಲಿಲ್ಲ ಎಂದು ನಮಗೆ ಗೊತ್ತಿತ್ತು. ಆದರೂ ಅವಳು ಕೇಳುವುದನ್ನು ಬಿಡಲಿಲ್ಲ.

ಹೆದರಿಕೆ ಹುಟ್ಟಿದ್ದು ಚಹದ ಅಂಗಡಿಯಲ್ಲಿ. ಯಾರೋ ಪೇಪರು ಓದುತ್ತಾ, ಹಾವಿನ ಚರ್ಮ ಇಟ್ಟುಕೊಂಡಿದ್ದವರನ್ನು ಹಿಡಿದು ಒಳಗೆ ಹಾಕಿದ್ದಾರೆ ಎಂದರು. ಚಹ ಅರ್ಧಕ್ಕೇ ಬಿಟ್ಟು ಮನೆಗೆ ಹೋದೆ. ಮುಂದಿನ ಸಲ ಅಮ್ಮನವರು ಬಂದಾಗ ಕೇಳಿದೆ. ಎಲ್ಲಕ್ಕೂ ಬಿಲ್ಲಿದೆ, ಹೊರದೇಶದಲ್ಲಿ ಅಂಗಡಿಯಲ್ಲೇ ಕೊಂಡಿದ್ದು, ಯಾಕೆ ಹೆದರುತ್ತೀರಿ ಎಂದರು. ಇರಬಹುದು. ಬಿಲ್ಲು ಅವರ ಹತ್ತಿರ, ಬ್ಯಾಗು ನಮ್ಮ ಹತ್ತಿರ. ಅಜ್ಜನ ಕಾಲದಿಂದ ಚರ್ಮ ಮುಟ್ಟಿದ ಮನೆಯಲ್ಲಿ ಹೆಬ್ಬಾವಿನ ಚರ್ಮ ಸಿಕ್ಕಿದರೆ, ಇದು ಬಸವನಗುಡಿಯ ಅಮ್ಮನವರದು ಎಂದರೆ ನಂಬುವವರು ಯಾರು?

ಆಮೇಲೆ ನಮ್ಮ ಬಾಗಿಲು ಅರ್ಧಕ್ಕಿಂತ ಹೆಚ್ಚು ತೆರೆಯಲಿಲ್ಲ. ಕಿಟಕಿಗೆ ದಪ್ಪ ಪರದೆ ಬಂತು. ಅಕ್ಕಪಕ್ಕದ ಹೆಂಗಸರು ಸಂಜೆ ಬಂದು ಕೂರುತ್ತಿದ್ದುದು ನಿಂತಿತು. ಅವಳೇ ಹೊಸಿಲ ಮೇಲೆ ನಿಂತು, ಬೆನ್ನಿಗೆ ಬಾಗಿಲು ಎಳೆದುಕೊಂಡು ಮಾತಾಡುತ್ತಿದ್ದಳು. "ಏನವ್ವಾ, ಒಳಗೆ ನೋಟು ಪ್ರಿಂಟ್ ಮಾಡ್ತಿದೀರಾ?" ಎಂದು ಪಕ್ಕದ ಮನೆಯವಳು ಚುಚ್ಚುತ್ತಿದ್ದಳು. ಮನೆ ಯಾವಾಗಲೂ ಒಳಗಿನಿಂದ ಚಿಲಕ. ಹೊರಗಿನಿಂದ ಬೀಗ ಹಾಕಿ ಹೋಗಲು ಧೈರ್ಯವಿಲ್ಲ. ನಮ್ಮ ಸಾಲಿನಲ್ಲಿ ಬೀಗ ಮುರಿಯುವುದು ದೊಡ್ಡ ವಿದ್ಯೆಯಲ್ಲ. ತಂಗಿಯ ಮಗನ ಮದುವೆಗೆ ಅವಳು ಹೋದಳು, ನಾನು ಉಳಿದೆ. ಸೋದರಮಾವ ತೀರಿಕೊಂಡಾಗ ನಾನು ಹೋದೆ, ಅವಳು ಉಳಿದಳು. ನಮಗೆ ಮಕ್ಕಳಾಗಲಿಲ್ಲ. ಆಗಿದ್ದರೆ ಅವರಲ್ಲಿ ಒಬ್ಬರನ್ನು ಕಾವಲಿಗೆ ಬಿಡಬಹುದಿತ್ತಲ್ಲ ಎಂದು ಒಮ್ಮೆ ಯೋಚಿಸಿ, ಎಂಥ ಯೋಚನೆ ಇದು ಎಂದು ನನಗೇ ನಾಚಿಕೆಯಾಯಿತು.

ಅವಳಿಗಿದ್ದ ಆಸೆ ಒಂದೇ, ನಾಗಪುರ. ಅವಳ ತಾಯಿ ಹುಡುಗಿಯಾಗಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಅಲ್ಲಿಗೆ ಹೋಗಿ, ಲಕ್ಷಗಟ್ಟಲೆ ಜನರ ನಡುವೆ ಬುದ್ಧನ ದಾರಿಗೆ ಬಂದವಳು. ಆ ಕಥೆಯನ್ನು ಸಾಯುವವರೆಗೂ ಹೇಳುತ್ತಿದ್ದಳಂತೆ. ಪ್ರತಿ ವರ್ಷ ದಸರೆಗೆ, ಆ ದೀಕ್ಷೆಯ ನೆನಪಿಗೆ, ನಮ್ಮ ಬೀದಿಯ ಬುದ್ಧ ವಿಹಾರದವರು ಗುಂಪು ಕಟ್ಟಿಕೊಂಡು ಹೋಗುತ್ತಾರೆ. ಬಿಳಿ ಸೀರೆ, ಬಿಳಿ ಷರಟು, ತಿಂಡಿ ಡಬ್ಬಿ. ಅವರ ರೈಲು ನಮ್ಮ ಮನೆಯ ಹಿಂದೆಯೇ ಹೋಗುತ್ತದೆ. ನನ್ನ ಹೆಂಡತಿ ಪರದೆ ಸರಿಸಿ ನಿಲ್ಲುತ್ತಿದ್ದಳು. ಅವರು ಕಿಟಕಿಯಿಂದ ಕೂಗಿ ಕೈ ಬೀಸುತ್ತಿದ್ದರು, ಇವಳೂ ಬೀಸುತ್ತಿದ್ದಳು. ರೈಲು ಹೋದ ಮೇಲೆ ಪರದೆ ಎಳೆದು ಬೀರು ತೆಗೆಯುತ್ತಿದ್ದಳು. ನೀನಾದರೂ ಹೋಗಿ ಬಾರೇ, ನಾನು ಇರುತ್ತೇನೆ ಎಂದು ಎಷ್ಟೋ ಸಲ ಹೇಳಿದೆ.

"ಒಬ್ಬಳೇ ಹೋಗಿ ಯಾರಿಗೆ ತೋರಿಸ್ಲಿ?" ಎನ್ನುತ್ತಿದ್ದಳು. "ನಮ್ಮವ್ವ ನಿಂತಿದ್ದ ಜಾಗದಲ್ಲಿ ಇಬ್ರೂ ನಿಲ್ಬೇಕು. ಇಲ್ದಿದ್ರೆ ಬೇಡ."

ಅಮ್ಮನವರನ್ನು ನಾನು ಕೇಳದೆ ಇರಲಿಲ್ಲ. ಅತ್ತೆಯವರು ಇರುವವರೆಗೆ ಅಷ್ಟೇ, ಆಮೇಲೆ ಎಲ್ಲವನ್ನೂ ತೆಗೆದುಕೊಂಡು ಹೋಗುತ್ತೇನೆ ಎನ್ನುತ್ತಿದ್ದರು. ಒಬ್ಬರ ಸಾವಿಗೆ ನಾವು ಕಾಯುವ ಹಾಗಾಯಿತು. ನೋಡಿಯೇ ಇಲ್ಲದ ಆ ಹಿರಿಯ ಹೆಂಗಸಿನ ಆರೋಗ್ಯ ಹೇಗಿದೆ ಎಂದು ಕೇಳುವಾಗ ನನ್ನ ದನಿ ನನಗೇ ಸರಿ ಅನ್ನಿಸುತ್ತಿರಲಿಲ್ಲ.

ಕೊನೆಗೆ ಅತ್ತೆಯವರು ತೀರಿಕೊಂಡರು. ನಾವು ಸೂತಕ ಕಳೆಯಲಿ ಎಂದು ಕಾದೆವು. ವರ್ಷ ಕಳೆಯಲಿ ಎಂದು ಅಮ್ಮನವರು ಹೇಳಿ ಕಳಿಸಿದರು. ವರ್ಷವೂ ಕಳೆಯಿತು. ಮಗನ ಮದುವೆ ಗೊತ್ತಾಗಿದೆ, ಮುಗಿಯಲಿ ಎಂದರು. ಅದೂ ಮುಗಿಯಿತು. ಪಾರ್ಟಿಗೆ ಬರುವುದು ಕಡಿಮೆಯಾಯಿತು. ಬಂದರೂ ಬ್ಯಾಗು ಒಯ್ಯದೆ, ಬೀರು ತೆಗೆದು ನೋಡಿ ಹೋಗುತ್ತಿದ್ದರು. ಬೆಳಗಿನ ಪೂಜೆಯೆಲ್ಲ ಈಗ ನನ್ನ ತಲೆಯ ಮೇಲೆ ಎನ್ನುತ್ತಿದ್ದರು. ಆ ವರ್ಷ ದಸರೆ ಹತ್ತಿರ ಬಂತು. ವಿಹಾರದವರು ಟಿಕೆಟ್ಟಿಗೆ ಹೆಸರು ಬರೆಯುತ್ತಿದ್ದರು. ನನ್ನ ಹೆಂಡತಿ ನನ್ನನ್ನು ಕೇಳದೆ ಎರಡು ಹೆಸರು ಬರೆಸಿ ಬಂದು, ಹಳೆಯ ಬೆಡ್‌ಶೀಟು ಹಾಸಿ ಬ್ಯಾಗುಗಳನ್ನು ಕಟ್ಟತೊಡಗಿದಳು. ನಾನು ಆಟೋ ಕರೆದು ತಂದೆ.

ಬಸವನಗುಡಿಯ ಆ ಮನೆಗೆ ನಾನು ಮೊದಲೂ ಹೋಗಿದ್ದೆ, ಸೂಟ್‌ಕೇಸಿನ ಹೊಲಿಗೆಗೆ. ವರಾಂಡದವರೆಗೆ. ಅವತ್ತೂ ಗಂಟುಗಳನ್ನು ವರಾಂಡದ ಮೆಟ್ಟಿಲ ಮೇಲಿಟ್ಟು ನಿಂತೆವು. ಅಮ್ಮನವರು ಹೊಸಿಲ ಒಳಗೆ ಬಂದು ನಿಂತರು. ಸೊಂಟದಲ್ಲಿ ಅತ್ತೆಯವರದೇ ಇರಬೇಕು, ಬೆಳ್ಳಿಯ ಬೀಗದ ಕೈ ಗೊಂಚಲು. ಗಂಟು ನೋಡಿದ ತಕ್ಷಣ ಅವರಿಗೆ ತಿಳಿಯಿತು.

"ಇಲ್ಲಿಗ್ಯಾಕೆ ತಂದ್ರಿ?" ದನಿ ತಗ್ಗಿಸಿ ಕೇಳಿದರು.

ಹಿರಿಯಮ್ಮನವರು ಹೋದ ಮೇಲೆ ತೆಗೆದುಕೊಳ್ಳುತ್ತೇನೆ ಎಂದಿದ್ದಿರಿ ಎಂದು ನೆನಪಿಸಿದೆ.

"ಅಂದಿದ್ದೆ. ಇಲ್ಲ ಅನ್ನಲ್ಲ. ಆದ್ರೆ ಈಗ ಸೊಸೆ ಬಸುರಿ ಕಣಪ್ಪ. ಬಸುರಿ ಇರೋ ಮನೆಗೆ ಹಾವಿನ ಚರ್ಮ ತರೋದು ಹೆಂಗೆ? ಏನಾದ್ರೂ ದೋಷ ಆದ್ರೆ? ಹೆರಿಗೆ ಆಗೋವರೆಗೂ ಇಟ್ಕೊಂಡಿರಿ."

ನಮ್ಮನ್ನು ನೋಯಿಸಬೇಕೆಂದು ಅವರು ಯಾವತ್ತೂ ಮಾತಾಡಿದವರಲ್ಲ. ಅವತ್ತೂ ಅಲ್ಲ. ಹೊಟ್ಟೆಯಲ್ಲಿರುವ ಮೊಮ್ಮಗುವಿಗಾಗಿ ನಿಜವಾಗಿಯೂ ಹೆದರಿದ್ದರು, ಅದು ಕಣ್ಣಲ್ಲಿ ಕಾಣುತ್ತಿತ್ತು. ನಾನು ಹೆಂಡತಿಯ ಕಡೆ ನೋಡಲಿಲ್ಲ. ಅಭ್ಯಾಸ ಎಂಥದು ನೋಡಿ, ಆಗಲಿ ಅಮ್ಮ ಎನ್ನಲು ನನ್ನ ಬಾಯಿ ಆಗಲೇ ತೆರೆದಿತ್ತು.

"ಇಷ್ಟು ವರ್ಷ ನಮ್ಮನೇಲಿತ್ತಲ್ಲಮ್ಮ" ಎಂದಳು ನನ್ನ ಹೆಂಡತಿ.

ಅಷ್ಟೇ ಹೇಳಿದಳು. ದನಿ ಏರಿಸಲಿಲ್ಲ. ಅಮ್ಮನವರು ಮೊದಲು ಹೌದು ಎನ್ನುವ ಹಾಗೆ ತಲೆಯಾಡಿಸಿದರು. ಆಮೇಲೆ ತಲೆಯಾಡಿಸುವುದು ನಿಂತಿತು. ಅವಳ ಮುಖ ನೋಡಿದರು, ಅಲ್ಲಿಂದ ತನ್ನದೊಂದು ಮಗುವನ್ನು ಎತ್ತಿರದ ಅವಳ ಖಾಲಿ ಕೈಗಳನ್ನು ನೋಡಿದರು. ನಮ್ಮ ಮಂಚದ ಮೇಲೆ ಕೂತ ಅಷ್ಟು ಮಧ್ಯಾಹ್ನಗಳಲ್ಲಿ ಒಮ್ಮೆಯೂ ಬಾರದಿದ್ದ ಯೋಚನೆ ಅವರಿಗೆ ಆಗ ಬಂತು ಎಂದು ಕಾಣುತ್ತದೆ. ನಮ್ಮ ಮನೆಯಲ್ಲಿ ನಾವು ದೋಷಗೀಷ ನಂಬುವವರಲ್ಲ. ಆದರೆ ಅವರು ನಂಬುವವರು. ನಂಬಿಕೊಂಡೇ ನಮ್ಮ ಮಂಚದ ತಲೆಯ ಹತ್ತಿರ ಅವುಗಳನ್ನು ಇಟ್ಟಿದ್ದರು.

ಅವರು ಹೊಸಿಲು ದಾಟಿ ಹೊರಗೆ ಬಂದರು. ವರಾಂಡದ ಬೀರು ತೆಗೆದು ಗಂಡನ ಬೂಟುಗಳನ್ನು ತಾವೇ ಎತ್ತಿ ಕೆಳಗಿಟ್ಟರು. ನಾನು ಕೈ ಹಾಕಲು ಹೋದರೆ ಬೇಡ ಎಂದರು. ಬೆಡ್‌ಶೀಟು ಬಿಚ್ಚಿ, ಬ್ಯಾಗುಗಳನ್ನು ಒಂದೊಂದಾಗಿ ಆ ಬೀರುವಿನಲ್ಲಿ ಜೋಡಿಸಿದರು. ಹೊಟ್ಟೆಗೆ ತುರುಕಿದ್ದ ಬಟ್ಟೆಯನ್ನು ಸರಿಮಾಡಿ, ಹೆಬ್ಬಾವಿನದನ್ನು ತಲೆಯಿಂದ ಬಾಲದ ಕಡೆಗೆ ಒಮ್ಮೆ ಸವರಿದರು. ಬೀರು ಮುಚ್ಚಿ ನಮ್ಮ ಕಡೆ ತಿರುಗಿದರು.

"ಕೂತ್ಕೊಳ್ಳಿ, ಕಾಫಿ ತರಿಸ್ತೀನಿ" ಎಂದರು.

"ಈಗಷ್ಟೇ ಕುಡಿದು ಬಂದ್ವಿ ಅಮ್ಮ" ಎಂದಳು ಇವಳು.

ಹೊರಡುವ ದಿನ ತಿಂಡಿ ಡಬ್ಬಿ, ಬಿಳಿ ಸೀರೆ, ಎಲ್ಲ ಆಯಿತು. ಬಾಗಿಲು ಎಳೆದುಕೊಂಡ ಮೇಲೆ ನಮ್ಮ ಹತ್ತಿರ ಬೀಗವೇ ಇಲ್ಲ ಎಂದು ತಿಳಿಯಿತು. ಮದುವೆಯಾದ ಹೊಸದರಲ್ಲಿ ಕೊಂಡದ್ದು ಎಲ್ಲೋ ಇತ್ತು. ಹುಡುಕಿ ತೆಗೆದರೆ ತುಕ್ಕು ಹಿಡಿದು ಬಾಯಿ ಕಚ್ಚಿಕೊಂಡಿತ್ತು. ವಿಹಾರದವರು ಬೀದಿಯಲ್ಲಿ ಕಾಯುತ್ತಿದ್ದರು. ಪಕ್ಕದ ಮನೆಯವಳು, "ನೋಟು ಮಿಷನ್ನು ನಾನು ನೋಡ್ಕೋತೀನಿ ಬಿಡವ್ವಾ" ಎಂದು ನಗುತ್ತಾ ತನ್ನ ನೀರಿನ ತೊಟ್ಟಿಯ ಬೀಗ ತಂದು ಕೊಟ್ಟಳು. ಅದನ್ನು ಹಾಕಿ ನಾನು ಎಳೆದು ನೋಡಿದೆ. ಇನ್ನೊಂದು ಸಲ ಎಳೆದು ನೋಡಿದೆ. ಇವಳು ನನ್ನ ತೋಳು ಹಿಡಿದು ನಡೆಸಿಕೊಂಡು ಹೋದಳು.

ರೈಲು ಹೊರಟಿತು. ಕಿಟಕಿಯ ಪಕ್ಕ ಅವಳು, ಅವಳ ಪಕ್ಕ ನಾನು. ಸ್ವಲ್ಪ ಹೊತ್ತಿಗೆ ನಮ್ಮ ಸಾಲು ಬಂತು. ಆ ಕಡೆಯಿಂದ ನಮ್ಮ ಮನೆಯನ್ನು ನಾನು ಯಾವತ್ತೂ ನೋಡಿರಲಿಲ್ಲ. ಗೋಡೆಯ ಮೇಲೆ ತಲೆ ಎತ್ತಿದ ಒಂದು ಕಿಟಕಿ, ಅದರೊಳಗೆ ದಪ್ಪ ಪರದೆ, ಅಷ್ಟೇ. ಇಷ್ಟು ಸಣ್ಣದೇ ಅನ್ನಿಸಿತು. ಆಕಾಶ ಮೋಡ ಕಟ್ಟಿಕೊಂಡಿತ್ತು.

"ಕಿಟಕಿ ಭದ್ರವಾಗಿ ಹಾಕಿದೀಯಾ? ಮಳೆ ಬರೋ ಹಂಗಿದೆ" ಎಂದೆ.

"ಒಳಗೆ ಯಾರಿದಾರೆ ರೀ ನೆನೆಯೋಕೆ" ಎಂದಳು.

ಯಾರೂ ಇರಲಿಲ್ಲ. ಆದರೂ ಕತ್ತು ತಿರುಗಿಸಿ, ಆ ಕಿಟಕಿ ಕಣ್ಣಿಗೆ ಮರೆಯಾಗುವವರೆಗೆ ನೋಡುತ್ತಲೇ ಇದ್ದೆ.